ನಲವತ್ತೊಂದನೇ ಬಿಲ್ಲೆ

ಟೋಬಿನ್ಸ್ ಫೈಂಡ್
3 ಫೆಬ್ರವರಿ 1957, ಭಾನುವಾರ

ಡಲ್ಸಿ ಅವರಿಗೆ,

ನೀವು ರೈಲು ಹತ್ತಿ ಆರು ವಾರವಾಯಿತು. ಕಾಗದ ಬರೆಯುತ್ತೇನೆ ಎಂದು ನಿಲ್ದಾಣದಲ್ಲಿ ಮಾತು ಕೊಟ್ಟಿದ್ದೆ. ನನ್ನ ಅಕ್ಷರ ನಿಮಗೆ ಗೊತ್ತಿರುವುದೇ. ಕ್ಲೆಮ್ ಅದನ್ನು ನೋಡಿದಾಗಲೆಲ್ಲ "ಕೋಳಿ ಕೆರೆದ ಹಾಗಿದೆ ಕಣೋ" ಎನ್ನುತ್ತಿದ್ದ. ಆದ್ದರಿಂದ ಕೋಳಿಗಳ ಸುದ್ದಿಯನ್ನೇ ಮೊದಲು ಹೇಳುತ್ತೇನೆ.

ನೀವು ಬಿಟ್ಟುಹೋದ ಆರರಲ್ಲಿ ಐದು ನನ್ನ ಹಿತ್ತಿಲಿಗೆ ಹೊಂದಿಕೊಂಡಿವೆ. ಆ ಮುದಿ ಕಂದು ಕೋಳಿ ಕ್ವೀನಿ ಮಾತ್ರ ದಿನಾ ಬೆಳಗಾಗುತ್ತಲೇ ಬೇಲಿ ನುಸುಳಿ, ರಸ್ತೆ ದಾಟಿ, ನಿಮ್ಮ ಹಳೇ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತದೆ. ಈಗ ಆ ಮನೆಯಲ್ಲಿ ಗಣಿ ಕಚೇರಿಯ ಗುಮಾಸ್ತರ ಸಂಸಾರವಿದೆ. ಆತನ ಹೆಂಡತಿ ನಿನ್ನೆ ನನ್ನನ್ನು ತಡೆದು ಕೇಳಿದಳು: "ಏನ್ರೀ, ಆ ಮನೆಯವ್ರು ಊರು ಬಿಟ್ರು ಅಂತ ಇದಕ್ಕೆ ಒಂದು ಮಾತು ಹೇಳ್ಬಾರ್ದಾ?" ನಾನು, "ಹೇಳಿದೀನಿ ಮೇಡಂ, ಅದಕ್ಕೆ ಇಂಗ್ಲಿಷು ನನಗಿಂತ ಕಡಿಮೆ" ಎಂದೆ. ಆಕೆ ನಗಲಿಲ್ಲ. ಕ್ಲೆಮ್ ಇದ್ದಿದ್ದರೆ ನಗುತ್ತಿದ್ದ.

ಬಿಸಿಲು ನೂರಾಹನ್ನೆರಡು ಡಿಗ್ರಿಗೆ ಏರಿದೆ. ಕೆಂಪು ದೂಳು ಬ್ರೆಡ್ಡಿನೊಳಗೂ ಸಿಗುತ್ತದೆ. ಗಣಿಯಲ್ಲಿ ಕ್ಲೆಮ್ ಜಾಗಕ್ಕೆ ನನಗೆ ಬೇರೆ ಜೊತೆಗಾರನನ್ನು ಕೊಟ್ಟಿದ್ದಾರೆ. ಕೆಲಸಗಾರ, ಮಾತು ಕಡಿಮೆ.

ಕೋಳಿಯನ್ನು ನೋಡಿ ನಗುವ ಹಾಗಿಲ್ಲ ಡಲ್ಸಿ. ಬೆಳಗ್ಗೆ ಆರೂಕಾಲಿಗೆ ನಿಮ್ಮ ಗೇಟಿನ ಮುಂದೆ ನನ್ನ ಕಾಲೂ ತಾನಾಗಿ ನಿಲ್ಲುತ್ತದೆ. ಹನ್ನೊಂದು ವರ್ಷ ಅಲ್ಲೇ ನಿಂತು ಕ್ಲೆಮ್‌ಗೆ ಕಾದವನಲ್ಲವೇ. ಒಳಗಿನಿಂದ ಮೊದಲು ಬುತ್ತಿ ಡಬ್ಬಿಯ ಮುಚ್ಚಳ ಬೀಳುತ್ತಿತ್ತು. ಆಮೇಲೆ ಅದರ ಮೇಲೆ ನೀವು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದಿರಿ, ಟಕ್ ಟಕ್, ಎರಡೇ ಸಲ. "ಡಬ್ಬಿ ವಾಪಸ್ ತಾ." "ಖಾಲಿ ಮಾಡಿ ತರ್ತೀನಿ." ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ನನ್ನ ದಿನ ಶುರುವಾಗುತ್ತಿದ್ದದ್ದು ನಿಮ್ಮ ಮನೆಯ ಆ ಎರಡು ಬಡಿತಗಳಿಂದ. ಅದೇ ನನಗೆ ಸುಖವಾಗಿತ್ತು ಎಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆರೋಗ್ಯ ನೋಡಿಕೊಳ್ಳಿ. ನಿಮ್ಮ ತಂಗಿ ಎನಿಡ್‌ಗೆ ನಮಸ್ಕಾರ ತಿಳಿಸಿ.

ನಿಮ್ಮ
ಆಂತೆ ಬೊರ್ಚಿಚ್
(ನಿಮಗೆಲ್ಲ ಟೋನಿ)

~

ಎಸ್ಪರೆನ್ಸ್
19 ಫೆಬ್ರವರಿ 1957

ಪ್ರೀತಿಯ ಟೋನಿ,

ನಿನ್ನ ಕಾಗದ ಬಂತು. ಕ್ವೀನಿಗೆ ಸಂಜೆ ಸ್ವಲ್ಪ ನೆನೆಸಿದ ಬ್ರೆಡ್ ಹಾಕು, ಅದಕ್ಕೆ ಹಲ್ಲಿಲ್ಲದ ಮುದುಕಿಯ ಬುದ್ಧಿ.

ಇಲ್ಲಿ ಸಮುದ್ರವಿದೆ, ಗಾಳಿಯಿದೆ. ಎನಿಡ್ ಮನೆಯ ತಗಡಿನ ಮಾಡು ಇಡೀ ದಿನ ಗೊಣಗುತ್ತದೆ. ನನಗೆ ನಿದ್ದೆ ಬರುವುದಿಲ್ಲವೆಂದು ಅವಳು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಸ್ಕಾಟ್ಲೆಂಡಿನ ಮುದುಕ. ನಾಲಿಗೆ ನೋಡಿದ, ಕಣ್ಣು ನೋಡಿದ, ಕೊನೆಗೆ ಹೇಳಿದ: "ಮಾತ್ರೆ ಬೇಡಮ್ಮಾ ನಿಮಗೆ. ದಿನಾ ಮಾಡೋವಂಥ ಚಿಕ್ಕ ಚಿಕ್ಕ ಕೆಲ್ಸ ಇಟ್ಕೊಳ್ಳಿ. ಒಂದೇ ಹೊತ್ತಿಗೆ ಏಳೋದು, ಎದ್ದ ತಕ್ಷಣ ಹಾಸಿಗೆ ಸರಿ ಮಾಡೋದು, ದೋಣಿ ಕಟ್ಟೋ ಜೆಟ್ಟಿ ತುದಿ ತನಕ ನಡ್ದು ವಾಪಸ್ ಬರೋದು. ರಾತ್ರಿ ಊಟಕ್ಕೆ ಕೂತಾಗ ಆವತ್ತಿನ ಒಂದು ಒಳ್ಳೇ ವಿಷ್ಯ ಬಾಯ್ಬಿಟ್ಟು ಹೇಳೋದು. ಸಂತೋಷ ಅನ್ನೋದು ಅಷ್ಟೇ, ಒಂದು ರೂಢಿ."

ಅವನ ಮಾತಿನಂತೆ ಮಾಡುತ್ತಿದ್ದೇನೆ. ನಿನ್ನೆ ಊಟದ ಹೊತ್ತಿಗೆ ಎನಿಡ್ ಕೇಳಿದಳು, "ಇವತ್ತಿಂದು ಹೇಳೇ ಅಕ್ಕ." "ಅರ್ಧ ಗಂಟೆ ಗಾಳಿ ನಿಂತಿತ್ತು." "ಅದು ನಿನ್ನೆ ಹೇಳಿದ್ದು." "ಇವತ್ತೂ ನಿಂತಿತ್ತು." "ಸುಳ್ಳಿ! ಇವತ್ತು ನನ್ನ ಬಟ್ಟೆಯೆಲ್ಲ ಪಕ್ಕದ ಮನೆಗೆ ಹಾರಿದೆ." ಅವಳೇ ನಕ್ಕಳು.

ಒಂದು ವಿಷಯ ಕೇಳಬೇಕಿತ್ತು. ಕ್ಲೆಮ್‌ನ ಜೊತೆ ಸಿಕ್ಕಿದ ಸಾಮಾನೆಂದು ಪೊಲೀಸರು ಕೊಟ್ಟ ಪೆಟ್ಟಿಗೆಯನ್ನು ಆರು ತಿಂಗಳು ತೆರೆಯದೆ ಇಟ್ಟಿದ್ದೆ. ಹೋದ ವಾರ ತೆರೆದೆ. ಬೆಲ್ಟು, ಪೈಪು, ಒಂದು ಬೂಟು. ಜೊತೆಗೆ ಒಂದು ಬದಿ ಜಜ್ಜಿಹೋದ ಬುತ್ತಿ ಡಬ್ಬಿ. ಅವನ ಡಬ್ಬಿ ಆ ದಿನ ಮನೆಯಲ್ಲೇ ಉಳಿದಿತ್ತು, ಈಗಲೂ ನನ್ನ ಹತ್ತಿರವಿದೆ. ಇದನ್ನು ತಿರುಗಿಸಿ ನೋಡಿದರೆ ತಳದಲ್ಲಿ ಮೊಳೆಯಿಂದ 42 ಎಂದು ಗೀಚಿದೆ. ಅದು ಗಣಿಯಲ್ಲಿ ನಿನ್ನ ನಂಬರು.

ನಿನ್ನ ಡಬ್ಬಿ ಅವನ ಹತ್ತಿರ ಯಾಕಿತ್ತು ಟೋನಿ?

ಪ್ರೀತಿಯಿಂದ,
ಡಲ್ಸಿ

~

ಟೋಬಿನ್ಸ್ ಫೈಂಡ್
10 ಮಾರ್ಚ್ 1957

ಡಲ್ಸಿ ಅವರಿಗೆ,

ಡಬ್ಬಿಯ ವಿಷಯ ದೊಡ್ಡದೇನಲ್ಲ. ಆ ದಿನ ಅವನು ಬುತ್ತಿ ತಂದಿರಲಿಲ್ಲ. ನನ್ನದರಲ್ಲೇ ಇಬ್ಬರೂ ತಿಂದೆವು. ಅದು ಅವನ ಕೈಯಲ್ಲಿ ಉಳಿದಿರಬೇಕು.

ಡಾಕ್ಟರ ಮಾತು ಓದಿ ನನ್ನ ಅಜ್ಜಿ ನೆನಪಾದಳು. ನಮ್ಮ ವಿಸ್ ದ್ವೀಪದಲ್ಲಿ ಚಳಿಗಾಲದ ಸಂಜೆ ಮಕ್ಕಳನ್ನೆಲ್ಲ ಒಲೆಯ ಸುತ್ತ ಕೂರಿಸಿ ಕಥೆ ಹೇಳುತ್ತಿದ್ದಳು. ಒಂದು ಗಾಣದ ಕತ್ತೆಯ ಕಥೆ ಕೇಳಿ. ಇಪ್ಪತ್ತು ವರ್ಷ ಅದು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಆಲಿವ್ ಎಣ್ಣೆಯ ಗಾಣ ಸುತ್ತಿತಂತೆ. ಯಜಮಾನ ಸಾಯುವ ಹೊತ್ತಿಗೆ ಮಗನನ್ನು ಕರೆದು, "ಅದನ್ನ ಬಿಟ್ಬಿಡಪ್ಪಾ, ಪಾಪ, ಇನ್ನಾದ್ರೂ ಸುಖವಾಗಿರ್ಲಿ" ಎಂದ. ಮಗ ಕಣ್ಣಿನ ಬಟ್ಟೆ ಬಿಚ್ಚಿ ಗುಡ್ಡದ ಹುಲ್ಲಿಗೆ ಬಿಟ್ಟ. ಮಾರನೆಯ ದಿನ ಹೋಗಿ ನೋಡಿದರೆ ಕತ್ತೆ ಒಂದು ಮರವನ್ನು ಹುಡುಕಿಕೊಂಡು ಅದರ ಸುತ್ತ ಸುತ್ತುತ್ತಿದೆ! ಹುಲ್ಲಿಗೆ ಬಾಯಿಯನ್ನೇ ಹಾಕಿಲ್ಲ.

ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅಜ್ಜಿ ಕೇಳುತ್ತಿದ್ದಳು: "ಈಗ ಹೇಳ್ರೋ, ಕತ್ತೆ ಸುಖವಾಗಿತ್ತಾ, ಇಲ್ವಾ?" ನನ್ನ ಅಣ್ಣ ಇತ್ತು ಎನ್ನುವನು, ನಾನು ಇಲ್ಲ ಎನ್ನುವೆ. "ಸುತ್ತಿದ್ದು ಕಾಲು ಕಣ್ರೋ. ಕತ್ತೆಗೆ ಏನೂ ಗೊತ್ತಿಲ್ಲ" ಎಂದು ಅಜ್ಜಿ ದೀಪ ಸಣ್ಣ ಮಾಡುವಳು.

ಎನಿಡ್‌ಗೂ ಈ ಕಥೆ ಹೇಳಿ.

ನಿಮ್ಮ
ಟೋನಿ

~

ಎಸ್ಪರೆನ್ಸ್
24 ಮಾರ್ಚ್ 1957

ಟೋನಿ,

ಕತ್ತೆಯ ಕಥೆ ಹೇಳಿದೆ. ಎನಿಡ್ ನಕ್ಕಳು. ನಾನು ನಿನ್ನನ್ನು ಕಥೆ ಕೇಳಿರಲಿಲ್ಲ.

ನನ್ನ ತಂಗಿಗೂ ಹೇಳದ್ದನ್ನು ನಿನಗೆ ಬರೆಯುತ್ತೇನೆ. ಓದಿ ಆಮೇಲೆ ಉತ್ತರ ಬರೆ.

ಆಗಸ್ಟ್ ಇಪ್ಪತ್ತರ ಸಂಜೆ ನಮಗೆ ಜಗಳವಾಯಿತು. ಗಣಿ ಸಾಕು, ಎಸ್ಪರೆನ್ಸಿಗೆ ಹೋಗೋಣ, ಎನಿಡ್‌ಳ ಗಂಡ ದೋಣಿಯಲ್ಲಿ ಕೆಲಸ ಕೊಡಿಸುತ್ತಾನೆ ಎಂದು ನಾನು ಮೂರು ವರ್ಷದಿಂದ ಹೇಳುತ್ತಿದ್ದೆ. "ಮುಂದಿನ ವರ್ಷ ನೋಡೋಣ ಕಣೇ" ಎಂದ. ಅದೇ ಮಾತು, ಅದೇ ದನಿ. ನಾನು ಹೇಳಿದೆ: "ನಿಂಗೆ ನನಗಿಂತ ಆ ಗುಂಡಿನೇ ಹೆಚ್ಚು. ಅಲ್ಲೇ ಇದ್ಬಿಡು ಹೋಗು."

ಹೌದು, ಇದೇ ಮಾತು ಅಂದೆ.

ಬೆಳಗ್ಗೆ ನಾನು ಏಳಲಿಲ್ಲ. ಹದಿನೇಳು ವರ್ಷದಲ್ಲಿ ಜ್ವರ ಬಂದಾಗಲೂ ಎದ್ದು ಅವನ ಬುತ್ತಿ ಕಟ್ಟಿದ್ದೇನೆ. ಆ ದಿನ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅವನು ಕೋಣೆಯ ಬಾಗಿಲಿಗೆ ಬಂದು ನಿಂತ. ಬೂಟಿನ ಕೆಳಗೆ ಹಲಗೆ ಕಿರುಗುಟ್ಟಿತು. "ಡಲ್?" ಎಂದ. ಒಂದೇ ಸಲ. ನಿದ್ದೆಯಲ್ಲಿದ್ದವಳ ಹಾಗೆ ಉಸಿರಾಡಿದೆ. ಅವನು ಹೋದ. ಎದ್ದು ನೋಡಿದರೆ ಡಬ್ಬಿ ಮೇಜಿನ ಮೇಲೆ, ಮುಚ್ಚಳ ಪಕ್ಕದಲ್ಲಿ.

ವಿಚಾರಣೆಯಲ್ಲಿ ಹೇಳಿದ್ದನ್ನೆಲ್ಲ ಬಾಯಿಪಾಠವಾಗಿ ಬಲ್ಲೆ. ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು 'ಕೆಳಗೆ' ಎಂಬ ಹಲಗೆಯ ತನ್ನ ಮೊಳೆಗೆ ಹಾಕುತ್ತಾನೆ, ಹತ್ತಿ ಬಂದ ಮೇಲೆ 'ಮೇಲೆ' ಎಂಬ ಹಲಗೆಗೆ ತರುತ್ತಾನೆ. ನಾಲ್ಕೂವರೆಗೆ ಮೇಸ್ತ್ರಿ ನೋಡಿದಾಗ 'ಕೆಳಗೆ' ಹಲಗೆ ಖಾಲಿ. ಆದ್ದರಿಂದ ಬಂಡೆ ಸಿಡಿಸುವ ಮದ್ದು ಹಾರಿಸಿದ. ದಿನಾ ನೀನು ನಿಮ್ಮಿಬ್ಬರ ಬಿಲ್ಲೆಯನ್ನೂ ಒಟ್ಟಿಗೆ ತೆಗೆದು ನಿನ್ನ ಮೊಳೆಗೇ ಹಾಕುತ್ತಿದ್ದೆಯಂತೆ, ಎಲ್ಲರೂ ಅದನ್ನು ತಮಾಷೆ ಮಾಡುತ್ತಿದ್ದರಂತೆ. ಆದರೆ ಆ ದಿನ ಕ್ಲೆಮ್‌ನ 41 ಅದರ ಮೊಳೆಯಲ್ಲೇ ಇತ್ತು. ಆದ್ದರಿಂದ ಕ್ಲೆಮ್ ತಾನೇ ಮೇಲೆ ಬಂದ, ತನ್ನ ಬಿಲ್ಲೆಯನ್ನು ತಾನೇ ಹಾಕಿದ, ಆಮೇಲೆ ಯಾರೂ ನೋಡದ ಹೊತ್ತಿನಲ್ಲಿ ಏಣಿ ಹಿಡಿದು ಮತ್ತೆ ಇಳಿದ.

ಮದ್ದು ಹಾರಿಸುವ ಹೊತ್ತು ಅವನಿಗೆ ಗೊತ್ತಿರಲಿಲ್ಲವೇ? ವಿಚಾರಣೆ ಮಾಡಿದವರು 'ಅಪಘಾತ' ಎಂದು ಬರೆದರು. ಅಂಗಡಿಯಲ್ಲಿ ಹೆಂಗಸರು ಕೊಟ್ಟ ತೀರ್ಪು ಬೇರೆ. "ಬೇಕೂಂತ್ಲೇ ಇಳ್ದಿದಾನೆ ಕಣ್ರೇ. ಮನೇಲಿ ಏನಿತ್ತೋ." ನಾನು ಹಿಟ್ಟಿನ ಮೂಟೆಗಳ ಹಿಂದೆ ನಿಂತಿದ್ದೆ.

ಡಾಕ್ಟರು ಹೇಳಿದಂತೆ ದಿನಾ ಜೆಟ್ಟಿಯ ತುದಿಗೆ ಹೋಗುತ್ತೇನೆ. ದಿನಾ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನೀರು ಅಲ್ಲಿ ಕಪ್ಪಗಿದೆ.

ಅವನು ನನ್ನ ಮಾತು ಕೇಳಿ ಅಲ್ಲೇ ಇದ್ದುಬಿಟ್ಟನೇ? ಕೊನೆಯಲ್ಲಿ ಅವನನ್ನು ನೋಡಿದವನು ನೀನು. ಇದೊಂದನ್ನು ಹೇಳು.

ಡಲ್ಸಿ

~

ಎಸ್ಪರೆನ್ಸ್
2 ಮೇ 1957

ಟೋನಿ,

ಐದು ವಾರವಾಯಿತು. ಅಂಚೆಯವನು ಈಗ ನನ್ನನ್ನು ದೂರದಿಂದ ನೋಡಿಯೇ ಇಲ್ಲವೆಂದು ತಲೆಯಾಡಿಸುತ್ತಾನೆ, ನಾನು ಗೇಟಿನ ತನಕ ನಡೆಯಬಾರದೆಂದು.

ನಿನ್ನ ಮೌನವೂ ಒಂದು ಉತ್ತರವೇ ಎಂದುಕೊಳ್ಳುತ್ತೇನೆ. ನನಗೆ ನೋವಾಗಬಾರದೆಂದು ಹೇಳದೆ ಇದ್ದೀಯ. ನೀನು ಯಾವಾಗಲೂ ಒಳ್ಳೆಯವನೇ.

ಡಲ್ಸಿ

~

ಎಸ್ಪರೆನ್ಸ್
20 ಮೇ 1957

ಮಾನ್ಯ ಬೊರ್ಚಿಚ್ ಅವರಿಗೆ,

ನಾನು ಡಲ್ಸಿಯ ತಂಗಿ ಎನಿಡ್. ಅಕ್ಕನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ.

ಅವಳು ಡಾಕ್ಟರು ಹೇಳಿದ್ದನ್ನೆಲ್ಲ ತಪ್ಪದೆ ಮಾಡುತ್ತಾಳೆ. ಹಾಸಿಗೆ ಎಷ್ಟು ಅಚ್ಚುಕಟ್ಟಾಗಿ ಇರುತ್ತದೆಂದರೆ ಯಾರೂ ಮಲಗದ ಹಾಸಿಗೆಯಂತೆ. ಬೆಳಗ್ಗೆ ಆರಕ್ಕೆ ಜೆಟ್ಟಿಗೆ ಹೋದವಳು ಮೊದಲು ಏಳಕ್ಕೆ ಬರುತ್ತಿದ್ದಳು, ಈಗ ಹತ್ತು, ಹನ್ನೊಂದು. ಹೋದ ಗುರುವಾರ ನನ್ನ ಗಂಡ ಹೋಗಿ ತೋಳು ಹಿಡಿದು ಕರೆತಂದರು. ಅವಳು ಬೂಟುಗಳನ್ನು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟಿದ್ದಳು. "ಕಾಲಿಗೆ ಸೆಕೆ ಆಗಿತ್ತು" ಎಂದಳು. ಮೇ ತಿಂಗಳಲ್ಲಿ ಇಲ್ಲಿ ಚಳಿಗೆ ಕೈ ಬೆರಳು ಮರಗಟ್ಟುತ್ತದೆ.

ನಿಮ್ಮಿಂದ ಏನೋ ಕಾಗದ ಬರಬೇಕೆಂದು ಮಾತ್ರ ಗೊತ್ತು. ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿ. ನನಗೆ ಇರುವವಳು ಒಬ್ಬಳೇ ಅಕ್ಕ.

ಎನಿಡ್ ಮಾಲ್ಪಾಸ್

~

ಟೋಬಿನ್ಸ್ ಫೈಂಡ್
23 ಮೇ 1957

ಡಲ್ಸಿ ಅವರಿಗೆ,

ಅವನು ಬೇಕೆಂದು ಇಳಿಯಲಿಲ್ಲ. ಅವನು ಮೇಲಕ್ಕೆ ಬರಲೇ ಇಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಮುಂದಿನದನ್ನು ಓದದೆ ಹರಿದು ಹಾಕಿದರೂ ಇಷ್ಟು ನಿಮಗೆ ತಿಳಿದಿರಲಿ ಎಂದು.

ಆ ಮಧ್ಯಾಹ್ನ ನನ್ನ ಡಬ್ಬಿಯಿಂದ ಇಬ್ಬರೂ ತಿಂದೆವು. "ಮನೇಲಿ ಯುದ್ಧ ಕಣೋ" ಎಂದ. "ಯಾರು ಗೆದ್ರು?" ಎಂದು ಕೇಳಿದೆ. "ಅವಳೇ ಗೆಲ್ತಾಳೆ, ಯಾವತ್ತಿದ್ರೂ. ನಾನು ಸೋಲೋದು ಸ್ವಲ್ಪ ನಿಧಾನ, ಅಷ್ಟೇ. ಲೇ ಟೋನಿ, ನೀನು ದ್ವೀಪದೋನು. ದೋಣೀಲಿ ವಾಂತಿ ಬರದೇ ಇರೋಕೆ ಏನ್ ಮಾಡ್ಬೇಕು ಹೇಳು." "ದೋಣಿ ಹತ್ಬಾರ್ದು" ಎಂದೆ. ಬಾಯಲ್ಲಿದ್ದ ಆಲೂಗಡ್ಡೆ ಹಾರುವಷ್ಟು ನಕ್ಕ. ಸಾಯಲು ಹೊರಟವನು ಹಾಗೆ ನಗುವುದಿಲ್ಲ ಡಲ್ಸಿ. ಅವನು ನಿಮ್ಮ ಜೊತೆ ಎಸ್ಪರೆನ್ಸಿಗೆ ಬರುವವನಿದ್ದ.

ನಾಲ್ಕು ಗಂಟೆಗೆ, ನಮ್ಮನ್ನು ಮೇಲೆತ್ತುವ ಕೇಜಿನ ಹತ್ತಿರ ಬಂದೆವು. ನಮ್ಮ ಪದ್ಧತಿ ನಿಮಗೆ ಗೊತ್ತು. ಇಬ್ಬರ ಡಬ್ಬಿ, ನೀರಿನ ಚೀಲ ಎಲ್ಲ ಅವನು ಹೊರುವುದು, ಮೇಲೆ ನೂಕುನುಗ್ಗಲಿನಲ್ಲಿ ಇಬ್ಬರ ಬಿಲ್ಲೆ ನಾನು ತೆಗೆಯುವುದು. ಹನ್ನೊಂದು ವರ್ಷ ಹಾಗೇ. ನಾನು ಕೇಳಿದೆ, "ನನ್ನ ಡಬ್ಬಿ ಎಲ್ಲೋ?" ಅವನು ತನ್ನ ಕೈ ನೋಡಿಕೊಂಡ. "ಥತ್, ಅಲ್ಲೇ ಬಿಟ್ಟೆ ನೋಡು. ಇವತ್ತು ನನ್ನ ಡಬ್ಬಿ ಇಲ್ವಲ್ಲ, ನಿಂದು ನೆನಪೇ ಆಗ್ಲಿಲ್ಲ." "ಬಿಡೋ, ನಾಳೆ ತಗೊಂಡ್ರಾಯ್ತು." "ನಾಳೆ ಅದು ಜಜ್ಜಿ ರೊಟ್ಟಿ ಆಗಿರತ್ತೆ. ಮದ್ದಿಗೆ ಇನ್ನೂ ಅರ್ಧ ಗಂಟೆ ಇದೆ, ಮುಂದಿನ ಕೇಜಿಗೆ ಬರ್ತೀನಿ, ನೀ ನಡಿ." ಸಿಳ್ಳೆ ಹಾಕುತ್ತಾ ಹೋದ. ಕತ್ತಲಲ್ಲಿ ಸಿಳ್ಳೆ ಸ್ವಲ್ಪ ದೂರ ಕೇಳಿಸಿತು.

ನಾನು ಮೇಲೆ ಬಂದೆ. ಯಾರೋ ಶನಿವಾರದ ಫುಟ್ಬಾಲ್ ಮಾತೆತ್ತಿದರು, ನಾನೂ ಮಾತಾಡುತ್ತಾ ಹಲಗೆಯ ಮುಂದೆ ಹಾದೆ. ಸ್ನಾನದ ಮನೆಗೆ ಹೋದೆ. ಸೋಪು ಹಚ್ಚಿಕೊಂಡಿದ್ದಾಗ ಕಾಲ ಕೆಳಗೆ ನೆಲ ನಡುಗಿತು. ದಿನಾ ನಡುಗುತ್ತದೆ, ಯಾರೂ ತಲೆಯೆತ್ತುವುದಿಲ್ಲ. ಬಟ್ಟೆ ಹಾಕಿಕೊಳ್ಳಲು ಹೋದರೆ ಪಕ್ಕದ ಗೂಟದಲ್ಲಿ ಕ್ಲೆಮ್‌ನ ಮನೆ ಬಟ್ಟೆ ಇನ್ನೂ ತೂಗುತ್ತಿದೆ.

ಒದ್ದೆ ಮೈಯಲ್ಲೇ ಹಲಗೆಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. 'ಮೇಲೆ' ಹಲಗೆಯಲ್ಲಿ, ನನ್ನ ಮೊಳೆಯಲ್ಲಿ, ಎರಡು ಬಿಲ್ಲೆ. 42, ಅದರ ಹಿಂದೆ 41.

ಯಾವಾಗ ತೆಗೆದೆ, ಯಾವಾಗ ಹಾಕಿದೆ, ದೇವರಾಣೆ ಗೊತ್ತಿಲ್ಲ. ಈಗಲೂ ನೆನಪು ಮಾಡಿಕೊಳ್ಳಲು ಹೋದರೆ ಫುಟ್ಬಾಲ್ ಮಾತು ಮಾತ್ರ ನೆನಪಾಗುತ್ತದೆ. ಹನ್ನೊಂದು ವರ್ಷ ಕೈ ಮಾಡಿದ ಕೆಲಸ, ಹನ್ನೊಂದು ವರ್ಷವೂ ನನ್ನನ್ನು ಕೇಳದೆ ಮಾಡಿದ ಕೆಲಸ. ಅಜ್ಜಿಯ ಕತ್ತೆಯನ್ನು ನಿಮಗೆ ಬರೆದದ್ದು ಸುಮ್ಮನೆ ಅಲ್ಲ. ನೀವು ಅಷ್ಟರಲ್ಲೇ ಅರ್ಥ ಮಾಡಿಕೊಂಡುಬಿಡಲಿ, ನಾನು ಬಾಯಿಬಿಟ್ಟು ಹೇಳುವುದು ತಪ್ಪಲಿ ಎಂಬ ಹೇಡಿತನ ಅದು.

ಇಲ್ಲಿಗೆ ನಿಲ್ಲಿಸಿದರೆ ನೀವು ನನ್ನನ್ನು ಕ್ಷಮಿಸಬಹುದೇನೋ. ಆದರೆ ಆಮೇಲೆ ಇನ್ನೊಂದಾಯಿತು. ನಾನು 41ನ್ನು ನನ್ನ ಮೊಳೆಯಿಂದ ತೆಗೆದು ಅದರ ಮೊಳೆಗೆ ಹಾಕಿದೆ. ಹಾಕಿ, ನೇರವಾಗಿದೆಯೇ ನೋಡಿ, ಆಮೇಲೆ "ಕ್ಲೆಮ್ ಕಾಣ್ತಾ ಇಲ್ಲ" ಎಂದು ಕೂಗಿದೆ. ಆ ಕೆಲಸ ಮಾಡಿದ್ದು ಕೈಯಲ್ಲ. ಪೂರ್ತಿ ಎಚ್ಚರದಲ್ಲಿದ್ದು ನಾನೇ ಮಾಡಿದ್ದು. ವಿಚಾರಣೆಯಲ್ಲಿ ಕೇಳಿದಾಗ, "ಅವನು ಯಾವಾಗ ಬಂದನೋ ನಾನು ಗಮನಿಸಲಿಲ್ಲ" ಎಂದೆ. ಮೇಸ್ತ್ರಿ ಮೊಳೆಯ ಮಾತು ಹೇಳಿದಾಗ ನೀವು ತಲೆ ತಗ್ಗಿಸಿದ್ದನ್ನು ನೋಡಿದೆ. ನೋಡಿಯೂ ಸುಮ್ಮನೆ ಕೂತಿದ್ದೆ.

ಜೆಟ್ಟಿಗೆ ಹೋಗಬೇಡಿ ಡಲ್ಸಿ. ಹೋಗಬೇಕಾದವರು ನೀವಲ್ಲ.

ಆಂತೆ

~

ಎಸ್ಪರೆನ್ಸ್
17 ಜೂನ್ 1957

ಬೊರ್ಚಿಚ್ ಅವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ.

ಮೊದಲ ಸಲ ಓದಿದಾಗ ಎದೆ ಹಗುರಾಯಿತು. ಅವನು ಸಿಳ್ಳೆ ಹಾಕುತ್ತಾ ಹೋದನೆಂದಿರಿ. ಅಡುಗೆಮನೆಯಲ್ಲಿ ನಿಂತು ಜೋರಾಗಿ ನಕ್ಕೆನಂತೆ, ಎನಿಡ್ ಹೆದರಿದಳು. ಹತ್ತು ತಿಂಗಳಾದ ಮೇಲೆ ಆ ರಾತ್ರಿ ಮಲಗಿದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ.

ಎರಡನೆಯ ಸಲ ಓದಿದಾಗ ನಿಮ್ಮ ಮೊಳೆ ಕಂಡಿತು. ಹತ್ತು ತಿಂಗಳು ನಾನು, ನನ್ನಿಂದ ತಪ್ಪಿಸಿಕೊಳ್ಳಲು ಸತ್ತವನ ಹೆಂಡತಿಯಾಗಿ ದಿನಾ ಎದ್ದಿದ್ದೇನೆ. ನೀವು ನಮ್ಮ ಮೇಜಿನಲ್ಲಿ ಕೂತು ಊಟ ಮಾಡಿದಿರಿ. ಅವನ ಶವಪೆಟ್ಟಿಗೆ ಹೊತ್ತಿರಿ. ರೈಲಿಗೆ ನನ್ನ ಟ್ರಂಕು ಏರಿಸಿದಿರಿ. ಕೋಳಿಗಳ ಸುದ್ದಿ ಬರೆದಿರಿ.

ಮೂರನೆಯ ಸಲ ಓದಿದಾಗ ಇನ್ನೊಂದು ಕಂಡಿತು. ನೀವು ಅದನ್ನು ಬರೆದೂ ಬರೆಯದಂತೆ ದಾಟಿದ್ದೀರಿ. ಅವನ ಡಬ್ಬಿ ಅವನ ಕೈಯಲ್ಲಿದ್ದಿದ್ದರೆ ನಿಮ್ಮದೂ ಜೊತೆಯಲ್ಲೇ ಬರುತ್ತಿತ್ತು. ಅವನ ಕೈ ಯಾಕೆ ಖಾಲಿಯಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹದಿನೇಳು ವರ್ಷದಲ್ಲಿ ಒಂದು ಬೆಳಗ್ಗೆ ನಾನು ಏಳಲಿಲ್ಲ.

ನಾಲ್ಕನೆಯ ಸಲ ಓದಿದ್ದು ಎನಿಡ್‌ಗೆ ಕೇಳಿಸಲು.

ಕಾಲ್ಗೂರ್ಲಿಗೆ ಹೋಗಿ. ವಿಚಾರಣೆ ಮಾಡಿದವರ ಮುಂದೆ ಇದನ್ನೇ ಹೇಳಿ, ಮೊಳೆಯ ಮಾತೂ ಸೇರಿಸಿ. ಅದು ಬರವಣಿಗೆಯಲ್ಲಿ ಬರಬೇಕು, ಟೋಬಿನ್ಸ್ ಫೈಂಡಿನ ಅಂಗಡಿಯ ತನಕ ಮುಟ್ಟಬೇಕು. ಆದ ಮೇಲೆ ತಿಳಿಸಿ. ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ಶ್ರೀಮತಿ ಕ್ಲೆಮೆಂಟ್ ಟ್ರೆಗೆಂಜಾ

~

ಟೋಬಿನ್ಸ್ ಫೈಂಡ್
4 ಆಗಸ್ಟ್ 1957

ಶ್ರೀಮತಿ ಟ್ರೆಗೆಂಜಾ ಅವರಿಗೆ,

ಜುಲೈ ಹನ್ನೊಂದಕ್ಕೆ ಕಾಲ್ಗೂರ್ಲಿಗೆ ಹೋಗಿ ಎಲ್ಲ ಹೇಳಿದೆ. ಬರೆದುಕೊಂಡರು, ಓದಿ ಹೇಳಿದರು, ಸಹಿ ಹಾಕಿದೆ. ನನ್ನ ಮೇಲೆ ಮೊಕದ್ದಮೆ ಹೂಡುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಹಳೆಯ ಬರಹಕ್ಕೆ ತಿದ್ದುಪಡಿ ಸೇರಿಸಿದ್ದಾರೆ. ಅದರ ಪ್ರತಿ ನಿಮಗೆ ಬರುತ್ತದೆ. ಅದರಲ್ಲಿ ಕ್ಲೆಮ್ ಮೇಲೆ ಬರಲಿಲ್ಲ ಎಂದು ಸ್ಪಷ್ಟವಾಗಿ ಇದೆ.

ಅಂಗಡಿಗೆ ನಾನೇ ಹೋದೆ. ಶನಿವಾರ, ಜನ ತುಂಬಿದ್ದ ಹೊತ್ತು. ಹೇಳಿದೆ. ಹಿಟ್ಟು ತೂಗುತ್ತಿದ್ದವನು ತೂಗುವುದನ್ನು ನಿಲ್ಲಿಸಿದ್ದ.

ಬೇರೆ ಬರೆಯಬೇಡಿ ಎಂದಿದ್ದೀರಿ. ಒಂದು ವಿಷಯ ಮಾತ್ರ ನಿಮಗೆ ತಿಳಿಯಬೇಕು ಅನ್ನಿಸಿತು. ನನ್ನನ್ನು ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ಈಗ ಸಂಜೆ ನಾನು ಹಲಗೆಯ ಹತ್ತಿರ ಬಂದರೆ ಪ್ರತಿಯೊಬ್ಬನೂ ತನ್ನ ಬಿಲ್ಲೆಯ ಮೇಲೆ ಅಂಗೈ ಇಡುತ್ತಾನೆ, ನಾನು ದಾಟುವ ತನಕ. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ದಿನ ಇಬ್ಬರು ಇಟ್ಟರು, ವಾರದೊಳಗೆ ಎಲ್ಲರಿಗೂ ರೂಢಿಯಾಯಿತು. ಈಗ ಫುಟ್ಬಾಲ್ ಮಾತಾಡುತ್ತಲೇ ಇಡುತ್ತಾರೆ, ನನ್ನ ಕಡೆ ನೋಡುವುದೂ ಇಲ್ಲ. ನಾನು ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ನನ್ನ ಸರದಿ ಬಂದಾಗ ಒಂದನ್ನು ಹೊರಗೆ ತೆಗೆದು 42 ಎಂದು ಬಾಯಲ್ಲಿ ಹೇಳಿ, ಒಂದೇ ಒಂದು ಬಿಲ್ಲೆ ತೆಗೆಯುತ್ತೇನೆ.

ಕ್ವೀನಿ ಜುಲೈ ಕೊನೆಯಲ್ಲಿ ಸತ್ತಿತು. ಮಂಜು ಬಿದ್ದ ಬೆಳಗ್ಗೆ, ನಿಮ್ಮ ಮೆಟ್ಟಿಲ ಮೇಲೆ. ಗುಮಾಸ್ತರ ಹೆಂಡತಿ ಹಳೇ ಟವೆಲಿನಲ್ಲಿ ಸುತ್ತಿ ತಂದುಕೊಟ್ಟಳು. "ದಿನಾ ಬೈತಿದ್ದೆ, ಈಗ ಬೆಳಗ್ಗೆ ಎದ್ರೆ ಏನೋ ಬಿಕೋ ಅನ್ಸತ್ತೆ ಕಣ್ರೀ" ಎಂದಳು.

ನನ್ನ ಬುತ್ತಿಯನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ಹೋಗುತ್ತೇನೆ. ಮತ್ತೆ ಡಬ್ಬಿ ಕೊಳ್ಳಲಿಲ್ಲ.

ಆಂತೆ ಬೊರ್ಚಿಚ್

~

ಎಸ್ಪರೆನ್ಸ್
21 ಆಗಸ್ಟ್ 1957

ಬೊರ್ಚಿಚ್ ಅವರಿಗೆ,

ಪ್ರತಿ ಬಂತು. ಎನಿಡ್ ಅದನ್ನು ಓದಿ ಕಪಾಟಿನಲ್ಲಿಟ್ಟಳು.

ಇವತ್ತಿಗೆ ವರ್ಷ. ನಾನು ಈಗ ಜೆಟ್ಟಿಗೆ ಹೋಗುವುದಿಲ್ಲ. ಆದರೂ ಆರಕ್ಕೆ ಎದ್ದು ಬೂಟು ಹಾಕಿಕೊಂಡು ಕೂರುತ್ತೇನೆ, ಆಮೇಲೆ ಬಿಚ್ಚುತ್ತೇನೆ. ಊಟದ ಹೊತ್ತಿಗೆ ಎನಿಡ್ ಒಳ್ಳೆಯದು ಕೇಳುವುದನ್ನು ನಿಲ್ಲಿಸಿದ್ದಾಳೆ.

ಈ ಕಾಗದದ ಜೊತೆ ನಿಮ್ಮ ಡಬ್ಬಿ ಇದೆ. ಎನಿಡ್‌ಳ ಗಂಡ ಸುತ್ತಿಗೆಯಿಂದ ತಟ್ಟಿ ಸರಿ ಮಾಡಿದರು, ಒಂದು ಮೂಲೆ ಮಾತ್ರ ಬಗ್ಗಲಿಲ್ಲ. ಇದನ್ನು ನಿಮಗೆ ಮುಟ್ಟಿಸಲು ಅವನು ಹೊರಟಿದ್ದ. ಒಂದು ವರ್ಷ ತಡವಾಯಿತು.

ಒಳಗೆ ಏನೂ ಇಲ್ಲ. ಹುಡುಕಬೇಡಿ.

ಇವತ್ತು ಬೆಳಗ್ಗೆ ಅಂಚೆಗೆ ಕಟ್ಟಲು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡೆ. ಕಂದು ಕಾಗದ ಕತ್ತರಿಸಿದೆ, ದಾರ ಅಳೆದೆ, ಮುಚ್ಚಳ ಹಾಕಿದೆ. ನಿಮ್ಮ ಮೇಲಿನ ಸಿಟ್ಟು ಆ ಹೊತ್ತಿನಲ್ಲೂ ಎದೆಯಲ್ಲಿ ಹಾಗೇ ಇತ್ತು, ಈಗಲೂ ಇದೆ. ಅಷ್ಟರಲ್ಲಿ ಒಳಕೋಣೆಯಿಂದ ಎನಿಡ್, "ಯಾರೇ ಅಕ್ಕ, ಬಾಗಿಲು ಬಡಿದಿದ್ದು?" ಎಂದು ಕೂಗಿದಳು.

ಯಾರೂ ಬಾಗಿಲು ಬಡಿದಿರಲಿಲ್ಲ. ನನ್ನ ಗೆಣ್ಣು ಇನ್ನೂ ಮುಚ್ಚಳದ ಮೇಲಿತ್ತು.

ಯಾವಾಗ ಬಡಿದೆನೋ ನನಗೂ ಗೊತ್ತಿಲ್ಲ.

ಇನ್ನು ಬರೆಯಬೇಡಿ.

ಡಲ್ಸಿ